ಮೆಡಿಕೇರ್ ರೇಟು ಹೀಗೇ ಇಳಿಯುತ್ತಾ ಹೋದರೆ ಸಣ್ಣ ಕ್ಲಿನಿಕ್ ಉಳಿಯುತ್ತಾ?

ಒಹಾಯೋ_ಕನ್ನಡತಿ
ನಮಸ್ಕಾರ ಎಲ್ಲರಿಗೂ. ನಮ್ಮವರು ಇಲ್ಲಿ ಒಂದು ಚಿಕ್ಕ ಊರಿನಲ್ಲಿ ಇಂಟರ್ನಲ್ ಮೆಡಿಸಿನ್ ಕ್ಲಿನಿಕ್ ನಡೆಸುತ್ತಾರೆ, ಲೆಕ್ಕಪತ್ರ ನಾನು ನೋಡಿಕೊಳ್ಳುತ್ತೇನೆ. ಬರುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಅರವತ್ತೈದು ದಾಟಿದವರು, ಅಂದರೆ ಅಮೆರಿಕ ಸರ್ಕಾರ ಹಿರಿಯರಿಗೆ ಕೊಡುವ ಆರೋಗ್ಯ ವಿಮೆ ಮೆಡಿಕೇರ್ ಇರುವವರು. ಬಾಡಿಗೆ, ನರ್ಸ್ ಸಂಬಳ, ಸಾಫ್ಟ್‌ವೇರ್ ಎಲ್ಲಾ ವರ್ಷ ವರ್ಷ ಏರುತ್ತಿದೆ. 2025ರಲ್ಲಿ ಮೆಡಿಕೇರ್ ಡಾಕ್ಟರುಗಳಿಗೆ ಕೊಡುವ ದರವನ್ನು ಮತ್ತೆ 2.83 ಪರ್ಸೆಂಟ್ ಕತ್ತರಿಸಿತು. 2026ರಲ್ಲಿ ಸ್ವಲ್ಪ ಏರಿದೆ, ಆದರೆ ಹಿಂದಿನ ಪೆಟ್ಟು ತುಂಬಿಲ್ಲ. ಹೊಸ ಮೆಡಿಕೇರ್ ಪೇಷೆಂಟ್‌ಗಳನ್ನು ತಗೊಳ್ಳಬೇಡಿ ಅಂತ ಅಕೌಂಟೆಂಟ್ ಹೇಳುತ್ತಿದ್ದಾರೆ. ನಮ್ಮಿಬ್ಬರಿಗೂ ಮನಸ್ಸು ಒಪ್ಪುತ್ತಿಲ್ಲ. ನಾವು ಬೇಡ ಅಂದರೆ ಆ ವಯಸ್ಸಾದವರು ಹಿಮದಲ್ಲಿ ಕಾರು ಓಡಿಸಿಕೊಂಡು ಪಕ್ಕದ ಕೌಂಟಿಗೆ ಹೋಗಬೇಕು. ಈ ಕಡಿತ ಯಾಕೆ ನಿಲ್ಲುತ್ತಿಲ್ಲ? ಉಳಿದವರು ಏನು ಮಾಡುತ್ತಿದ್ದೀರಿ?

ಬಿಲ್ಲಿಂಗ್_ಭಟ್
ಮೇಡಂ, ನಾನು ನ್ಯೂಜೆರ್ಸಿಯಲ್ಲಿ ಡಾಕ್ಟರುಗಳ ಬಿಲ್ಲಿಂಗ್ ಮಾಡುತ್ತೇನೆ. ಪ್ರತಿ ಕೆಲಸಕ್ಕೂ ಇಷ್ಟು ಪಾಯಿಂಟ್ ಅಂತ ಇರುತ್ತದೆ, ಅದನ್ನು ಕನ್ವರ್ಷನ್ ಫ್ಯಾಕ್ಟರ್‌ನಿಂದ ಗುಣಿಸಿ ದುಡ್ಡು ಕೊಡುತ್ತಾರೆ. ಆ ಫ್ಯಾಕ್ಟರ್ 2001ರಲ್ಲಿ 38.26 ಡಾಲರ್ ಇತ್ತು. 2025ರಲ್ಲಿ 32.35. ಬೆಲೆ ಏರಿಕೆ ಲೆಕ್ಕ ಹಾಕುವುದಕ್ಕೆ ಮೊದಲೇ ಇಷ್ಟು ಇಳಿದಿದೆ, ನೋಡಿ! ಆಸ್ಪತ್ರೆಗಳ ದರಕ್ಕೆ ಪ್ರತಿ ವರ್ಷ ಬೆಲೆ ಏರಿಕೆ ನೋಡಿ ಕೂಡಿಸುತ್ತಾರೆ, ಡಾಕ್ಟರುಗಳ ದರಕ್ಕೆ ಆ ವ್ಯವಸ್ಥೆಯೇ ಇಲ್ಲ.

ಇನ್ನೊಂದು ಕಷ್ಟ ಬಜೆಟ್ ನ್ಯೂಟ್ರಾಲಿಟಿ. ಏನಾದರೂ ಬದಲಾವಣೆಯಿಂದ ವರ್ಷದ ಖರ್ಚು 2 ಕೋಟಿ ಡಾಲರ್‌ಗಿಂತ ಜಾಸ್ತಿ ಏರುವಂತಿದ್ದರೆ ಎಲ್ಲರ ದರ ಇಳಿಸಿ ಸರಿದೂಗಿಸಬೇಕು ಅಂತ ಕಾನೂನು. ಒಬ್ಬರ ಎಲೆಗೆ ಬಡಿಸಲು ಪಕ್ಕದವರ ಎಲೆಯಿಂದ ತೆಗೆದ ಹಾಗೆ. 2024ರಲ್ಲಿ ನಿಮ್ಮಂಥ ಕ್ಲಿನಿಕ್‌ಗಳಿಗೆ ಅನುಕೂಲ ಆಗಲಿ ಅಂತ ಜಿ2211 ಅನ್ನುವ ಹೊಸ ಬಿಲ್ಲಿಂಗ್ ಕೋಡ್ ತಂದರು. ಅದಕ್ಕೆ ದುಡ್ಡು ಹೊಂದಿಸಲು ಆ ವರ್ಷ ಎಲ್ಲರ ಫ್ಯಾಕ್ಟರ್ ಇಳಿಸಿದರು.

ಒಂದು ವಿಸಿಟ್ ಲೆಕ್ಕ ಹೇಳುತ್ತೇನೆ. ಬಿಪಿ, ಶುಗರ್ ಇರುವವರ ಮಾಮೂಲಿ ವಿಸಿಟ್, ಕೋಡ್ 99214. 2025ರಲ್ಲಿ ಸರಾಸರಿ ಸುಮಾರು 125 ಡಾಲರ್. ಮೆಡಿಕೇರ್ ಪಾಲು ಅದರಲ್ಲಿ 100. ಅದರಲ್ಲೂ ಸೀಕ್ವೆಸ್ಟರ್, ಅಂದರೆ ಸರ್ಕಾರಿ ಖರ್ಚಿನ ಕಡ್ಡಾಯ ಕಡಿತ ಅಂತ 2 ಪರ್ಸೆಂಟ್ ಹಿಡಿದುಕೊಂಡು 98 ಕಳಿಸುತ್ತಾರೆ. ಮಿಕ್ಕ 25 ಪೇಷೆಂಟ್ ಅಥವಾ ಅವರ ಸೆಕೆಂಡರಿ, ಅಂದರೆ ಎರಡನೇ ವಿಮೆಯಿಂದ ಬರಬೇಕು. ಸೆಕೆಂಡರಿ ಇಲ್ಲದ ಅಜ್ಜಿಗೆ ಮೂರು ಸಲ ಬಿಲ್ ಕಳಿಸಿದರೆ ಅಂಚೆ, ಆಳು ಸೇರಿ ಅರ್ಧ ಅಲ್ಲೇ ಮುಗಿಯುತ್ತದೆ.

ಹೃದಯ_ಟೆಕ್ಸಸ್
ನಾನು ಕಾರ್ಡಿಯಾಲಜಿಸ್ಟ್. ಸ್ವಂತ ಪ್ರಾಕ್ಟೀಸ್ ಆಸ್ಪತ್ರೆಗೆ ಮಾರಿ ಈಗ ಸಂಬಳಕ್ಕಿದ್ದೇನೆ. ಅದೇ ಎಕೋ (ಹೃದಯದ ಸ್ಕ್ಯಾನ್), ಅದೇ ಯಂತ್ರ, ಅದೇ ಕೈ. ಆಸ್ಪತ್ರೆ ಆವರಣದ ಔಟ್‌ಪೇಷೆಂಟ್ ವಿಭಾಗದಲ್ಲಿ ಮಾಡಿದರೆ ಮೆಡಿಕೇರ್ ಜಾಸ್ತಿ ಕೊಡುತ್ತದೆ, ಸ್ವಂತ ಕ್ಲಿನಿಕ್ಕಿನಲ್ಲಿ ಮಾಡಿದರೆ ಕಡಿಮೆ. ಪೇಷೆಂಟ್ ಕಟ್ಟುವ 20 ಪರ್ಸೆಂಟ್ ಕೂಡ ಅಲ್ಲಿ ಜಾಸ್ತಿ. ಹೀಗಾಗಿ ದರ ಕಡಿತದಿಂದ ಸರ್ಕಾರಕ್ಕೆ ಉಳಿತಾಯ ಆಗುತ್ತೆ ಅಂತ ನಾನು ನಂಬುವುದಿಲ್ಲ. ಸಣ್ಣ ಕ್ಲಿನಿಕ್ ಮುಚ್ಚಿ ಪೇಷೆಂಟ್ ಹೋಗುವುದು ಇನ್ನೂ ದುಬಾರಿ ಜಾಗಕ್ಕೆ. ಡಾಕ್ಟರುಗಳ ದರ ಲೆಕ್ಕ ಹಾಕುತ್ತಿದ್ದ 1997ರ ಎಸ್‌ಜಿಆರ್ ಸೂತ್ರದ ಕಾಲದಲ್ಲೂ ಪ್ರತಿ ವರ್ಷ ಕಡಿತದ ಭಯ, ಕೊನೇ ಗಳಿಗೆಯಲ್ಲಿ ಕಾಂಗ್ರೆಸ್ ತಡೆಯುವುದು ಇದೇ ಆಗಿತ್ತು. 2015ರಲ್ಲಿ ಅದನ್ನು ತೆಗೆದರು. ಬೆಲೆ ಏರಿಕೆಗೆ ಜೋಡಿಸುವ ಕೆಲಸ ಮಾತ್ರ ಆಗಲಿಲ್ಲ, ಅದಾಗುವವರೆಗೂ ಇದು ಸರಿಹೋಗಲ್ಲ.

ಬಸವನಗುಡಿ_ಮಗ
ಊರಲ್ಲೂ ಇದೇ ಕಥೆ ಅಕ್ಕಾ. ಅಪ್ಪ ಸೆಂಟ್ರಲ್ ಗವರ್ನಮೆಂಟ್ ಪೆನ್ಷನರ್, ಸಿಜಿಎಚ್‌ಎಸ್ (ಕೇಂದ್ರ ಸರ್ಕಾರದ ಆರೋಗ್ಯ ಯೋಜನೆ) ಕಾರ್ಡ್ ಇದೆ. 2023ರವರೆಗೆ ಸಿಜಿಎಚ್‌ಎಸ್‌ನಲ್ಲಿ ಡಾಕ್ಟರ್ ಕನ್ಸಲ್ಟೇಶನ್ನಿಗೆ 150 ರೂಪಾಯಿ, ಆಮೇಲೆ 350 ಆಯಿತು. ಪ್ಯಾಕೇಜ್ ದರಗಳಲ್ಲಿ ಹೆಚ್ಚಿನವು 2014ರ ಕಾಲದವು, ದೊಡ್ಡ ಪರಿಷ್ಕರಣೆ ಬಂದಿದ್ದು 2025ರ ಅಕ್ಟೋಬರ್‌ನಲ್ಲಿ. ಅಷ್ಟರಲ್ಲಿ ನಾವು ಹೋಗುತ್ತಿದ್ದ ಒಂದು ಆಸ್ಪತ್ರೆ ಕ್ಯಾಶ್‌ಲೆಸ್ ಇಲ್ಲ, ಮೊದಲು ದುಡ್ಡು ಕಟ್ಟಿ ಆಮೇಲೆ ಕ್ಲೇಮ್ ಮಾಡಿಕೊಳ್ಳಿ ಅಂದುಬಿಟ್ಟಿತು. ಅಪ್ಪ ಊಟದ ಟೇಬಲ್ ತುಂಬಾ ಬಿಲ್ ಹರಡಿಕೊಂಡು, ಯಾವುದಕ್ಕೆ ಸಹಿ ಇಲ್ಲ, ಯಾವುದಕ್ಕೆ ಸೀಲಿಲ್ಲ ಅಂತ ಭೂತಗನ್ನಡಿ ಹಿಡಿದು ನೋಡುತ್ತಿದ್ದರು. ದರ ಇಳಿದಾಗ ಡಾಕ್ಟರ್ ಹೇಗೋ ಬೇರೆ ದಾರಿ ನೋಡಿಕೊಳ್ಳುತ್ತಾರೆ, ಮುದುಕರು ಎಲ್ಲಿಗೆ ಹೋಗಬೇಕು? ದಯವಿಟ್ಟು ಬಾಗಿಲು ಹಾಕಬೇಡಿ.

ಬಿಲ್ಲಿಂಗ್_ಭಟ್
ಮೇಡಂ, ಬಾಗಿಲು ಹಾಕುವ ಮೊದಲು ಇದನ್ನು ನೋಡಿ. ಮೇಲೆ ಹೇಳಿದ ಜಿ2211, ನಿಮ್ಮವರ ಖಾಯಂ ಪೇಷೆಂಟ್‌ಗಳ ವಿಸಿಟ್‌ಗೆ ಹಾಕಬಹುದು, ಸುಮಾರು 16 ಡಾಲರ್. ಎಷ್ಟೋ ಕ್ಲಿನಿಕ್‌ನವರು ಸುಮ್ನೆ ಬಿಟ್ಟುಬಿಡುತ್ತಾರೆ. ಎರಡು ಅಥವಾ ಹೆಚ್ಚು ದೀರ್ಘಕಾಲದ ಕಾಯಿಲೆ ಇರುವವರಿಗೆ 99490 ಅನ್ನುವ ಕೋಡ್ ಇದೆ: ತಿಂಗಳಿಗೆ 20 ನಿಮಿಷ ನರ್ಸ್ ಫೋನಿನಲ್ಲಿ ಮಾತ್ರೆ, ಟೆಸ್ಟ್ ವಿಚಾರಿಸಿ ಬರೆದಿಟ್ಟರೆ 60 ಡಾಲರ್ ಆಸುಪಾಸು. ಪೇಷೆಂಟ್ ಒಪ್ಪಿಗೆ ಮೊದಲೇ ಬರೆದುಕೊಳ್ಳಿ, ಅವರ ಪಾಲಿನ 20 ಪರ್ಸೆಂಟ್ ಬಗ್ಗೆಯೂ ಹೇಳಿ, ಆಮೇಲೆ ಬೇಜಾರು ಬೇಡ.

2026ರ ಫ್ಯಾಕ್ಟರ್ ಹೆಚ್ಚಿನವರಿಗೆ 33.40. ಅದರಲ್ಲಿ 2.5 ಪರ್ಸೆಂಟ್ ಆ ಒಂದು ವರ್ಷಕ್ಕೆ ಮಾತ್ರ, ಅದನ್ನು ನೆಚ್ಚಿಕೊಂಡು ಹೊಸ ಆಳು ಸೇರಿಸಬೇಡಿ. ಆಪ್ಟ್ ಔಟ್, ಅಂದರೆ ಮೆಡಿಕೇರ್‌ನಿಂದ ಪೂರ್ತಿ ಹೊರಬರುವುದು ಮಾತ್ರ ಅವಸರದಲ್ಲಿ ಬೇಡವೇ ಬೇಡ, ಒಮ್ಮೆ ಮಾಡಿದರೆ ಎರಡು ವರ್ಷ ಕಟ್ಟಿಹಾಕುತ್ತದೆ. ಈಗಿರುವವರನ್ನೆಲ್ಲಾ ಇಟ್ಟುಕೊಳ್ಳಿ, ಹೊಸಬರನ್ನು ತಿಂಗಳಿಗೆ ಇಷ್ಟೇ ಅಂತ ತಗೊಳ್ಳಿ. ಕೋಡ್ ಹಾಕುವಾಗ ಅನುಮಾನ ಬಂದರೆ ಇಲ್ಲೇ ಕೇಳಿ, ನೋಡಿ ಹೇಳುತ್ತೇನೆ.