ಬಂಗಿಗೆ ಕ್ರೀಮ್ ಮೊದಲೋ, ಬಿಸಿಲಿಗೆ ಮರೆ ಮೊದಲೋ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ನಮ್ಮೂರು ಬ್ಯಾಡಗಿ ಹತ್ತಿರ. ಅವ್ವ ಮೆಣಸಿನಕಾಯಿ ಕಣದಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಎರಡೂ ಕೆನ್ನೆಗೆ ಬಂಗು (ಕಂದು ಕಲೆ) ಬಂದಿದೆ. ಮೆಡಿಕಲ್ ಶಾಪ್‌ನಲ್ಲಿ ಕೊಟ್ಟ ಕ್ರೀಮ್ ತಿಂಗಳುಗಟ್ಟಲೆ ಹಚ್ಚಿದಳು. ಮೊದಲು ತಿಳಿಯಾಯ್ತು. ಈಗ ಬಿಸಿಲಿಗೆ ಹೋದರೆ ಸಾಕು, ಮುಖ ಕೆಂಪಾಗಿ ಉರಿಯುತ್ತದೆ. ಬಂಗೂ ಜಾಸ್ತಿಯಾಗಿದೆ. ಟ್ಯೂಬ್ ಮೇಲೆ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್ ಅಂತ ಇದೆ. ಬೇರೆ ಯಾವುದಾದರೂ ಕ್ರೀಮ್ ಹೇಳ್ತೀರಾ?

ಉತ್ತರ (ಚರ್ಮರೋಗ ವೈದ್ಯೆ): ಟ್ಯೂಬ್ ನೋಡಿ ಹೆಸರು ಬರೆದಿದ್ದು ತುಂಬಾ ಒಳ್ಳೇದಾಯ್ತು. ಮೊಮೆಟಾಸೋನ್ ಅಂದರೆ ಸ್ಟೀರಾಯ್ಡ್. ಈ ಮಿಶ್ರಣವನ್ನು ಬಂಗಿಗೆ ನಾವೂ ಕೊಡುತ್ತೇವೆ, ಆದರೆ ಕೆಲವೇ ವಾರ, ರಾತ್ರಿ ಹೊತ್ತು ಮಾತ್ರ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಬಿಸಿಲು ತಡೆಯುವುದಿಲ್ಲ. ಚೀಟಿ ಇಲ್ಲದೆ ಇದನ್ನು ಕೊಡಲೇಬಾರದು. ಅವ್ವನನ್ನು ಟ್ಯೂಬ್ ಸಮೇತ ಬೇಗ ಚರ್ಮದ ಡಾಕ್ಟರ್‌ಗೆ ತೋರಿಸಿ. ಒಮ್ಮೆಲೇ ಬಿಟ್ಟಾಗ ಕೆಲವರಿಗೆ ಉರಿ ಇನ್ನೂ ಹೆಚ್ಚುತ್ತದೆ, ಅದಕ್ಕೆ ಔಷಧಿ ಬೇಕಾಗುತ್ತದೆ.

ಬೇರೆ ಕ್ರೀಮ್ ಆಮೇಲೆ ನೋಡೋಣ. ಬಿಸಿಲಿಗೆ ಮರೆ ಇಲ್ಲದೆ ಯಾವ ಔಷಧಿಯೂ ಬಂಗನ್ನು ನಿಲ್ಲಿಸುವುದಿಲ್ಲ. ತೆಳು ಸೆರಗು ಸಾಲದು. ಬಟ್ಟೆಯನ್ನು ಬೆಳಕಿಗೆ ಹಿಡಿಯಿರಿ. ಹಿಂದಿಟ್ಟ ಬೆರಳು ಕಂಡರೆ ಬಿಸಿಲೂ ನುಸುಳುತ್ತದೆ. ಒತ್ತಾಗಿ ನೇಯ್ದ ಗಾಢ ಬಣ್ಣದ ಬಟ್ಟೆ ಇರಲಿ. ಬೆವರಿಗೆ ತೊಯ್ದ ಬಿಳಿ ಹತ್ತಿ ಬಟ್ಟೆ ಕಡಿಮೆ ತಡೆಯುತ್ತದೆ. ತೊಟ್ಟು ಬಿಡಿಸುವುದು ಕೂತು ಮಾಡುವ ಕೆಲಸ ಅಲ್ವಾ? ಮೇಲೊಂದು ತಾಡಪತ್ರಿ ಕಟ್ಟಿಸಿಕೊಡಿ ಅಂತ ಮಾಲೀಕರನ್ನು ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

ಸನ್‌ಸ್ಕ್ರೀನ್ ಎಸ್‌ಪಿಎಫ್ 30 ಇದ್ದರೆ ಸಾಕು. ಚರ್ಮ ಸುಡುವ ಯುವಿಬಿ ಕಿರಣವನ್ನು 30 ಸುಮಾರು 97% ತಡೆದರೆ, 50 ತಡೆಯುವುದು 98%. ಸುಮ್ನೆ ದುಡ್ಡು ಜಾಸ್ತಿ ಕೊಡಬೇಡಿ. ಎರಡು ಬೆರಳಿನ ಉದ್ದಕ್ಕೂ ಹಿಂಡಿ, ಅಷ್ಟನ್ನೂ ಮುಖ ಮತ್ತು ಕತ್ತಿಗೆ ಹಚ್ಚಬೇಕು. ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು ಅನ್ನುತ್ತೇವೆ. ಆದರೆ ಮೆಣಸಿನಕಾಯಿ ಖಾರದ ಕೈಯಲ್ಲಿ ಮುಖ ಮುಟ್ಟುವುದು ಹೇಗೆ? ಅದಕ್ಕೇ ಅವ್ವನಿಗೆ ಬಟ್ಟೆ, ನೆರಳೇ ಮುಖ್ಯ.

ಮತ್ತೊಬ್ಬರು: ಮೇಡಂ, ಹೀಗೆ ಮುಚ್ಚಿಕೊಂಡರೆ ವಿಟಮಿನ್ ಡಿ ಸಿಗುತ್ತಾ? ನಾನು ದಿನಾ ಆಫೀಸ್ ಕಿಟಕಿ ಬಿಸಿಲಲ್ಲೇ ಕೂರುತ್ತೇನೆ.

ಉತ್ತರ: ಮುಖ ಮುಚ್ಚಿಕೊಂಡು ಕೈ, ತೋಳಿಗೆ ಸ್ವಲ್ಪ ಹೊತ್ತು ಬಿಸಿಲು ಬಿದ್ದರೂ ಸಿಗುತ್ತದೆ. ಕಿಟಕಿ ಗಾಜಿನ ಹಿಂದೆ ಸಿಗುವುದಿಲ್ಲ. ವಿಟಮಿನ್ ಡಿಗೆ ಬೇಕಾದ ಯುವಿಬಿಯನ್ನು ಗಾಜು ತಡೆಯುತ್ತದೆ. ಬಂಗು ಹೆಚ್ಚಿಸುವ ಯುವಿಎ ಮಾತ್ರ ಒಳಗೆ ಬರುತ್ತದೆ. ಆ ಕಿಟಕಿಗೆ ಪರದೆ ಹಾಕಿ.

ಇನ್ನೊಬ್ಬರು: ನಾನು ಟ್ರ್ಯಾಕ್ಟರ್ ಓಡಿಸುತ್ತೇನೆ. ಕಣ್ಣಲ್ಲಿ ಮೂಗಿನ ಕಡೆಯಿಂದ ಮಾಂಸದ ಪೊರೆ ಬೆಳೆಯುತ್ತಿದೆ. ಇದೂ ಬಿಸಿಲಿನಿಂದಲೇನಾ?

ಉತ್ತರ: ಹಾಗೆ ಬೆಳೆಯುವುದಕ್ಕೆ ಬಿಸಿಲೇ ದೊಡ್ಡ ಕಾರಣ, ಧೂಳು, ಗಾಳಿಯೂ ಸೇರುತ್ತವೆ. ಅದು ಕರಿಗುಡ್ಡೆ ಮೇಲೆ ಹಬ್ಬಿದರೆ ದೃಷ್ಟಿ ಮಂದವಾಗುತ್ತದೆ, ಆಪರೇಷನ್ ಬೇಕಾಗಬಹುದು. ಈಗಲೇ ಕಣ್ಣಿನ ಡಾಕ್ಟರ್‌ಗೆ ತೋರಿಸಿ. ಯುವಿ 400 ಅಂತ ಬರೆದಿರುವ, ಪಕ್ಕದಿಂದಲೂ ಮುಚ್ಚುವ ಕನ್ನಡಕ ಹಾಕಿ, ಜೊತೆಗೆ ಟೋಪಿ ಇರಲಿ. ಅಂಗಡಿಯಲ್ಲಿ ಕೇಳಿ ಡ್ರಾಪ್ಸ್ ಮಾತ್ರ ತರಬೇಡಿ. ಅದರಲ್ಲೂ ಸ್ಟೀರಾಯ್ಡ್ ಇದ್ದರೆ ಕಣ್ಣಿನ ಒತ್ತಡ ಏರಬಹುದು.