‘ಲಿಮಿಟೆಡ್’: ನಿಯಮಿತವೋ, ಸೀಮಿತವೋ?

ಮಾನ್ಯರೇ,

ಹೊಸದಾಗಿ ಉದ್ಯಮ ಆರಂಭಿಸುವವರಿಗಾಗಿ ಕಾನೂನಿನ ಪ್ರಾಥಮಿಕ ಪ್ರಶ್ನೆಗಳ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದು, ಕರಡು ನಾಳೆ ಸಂಜೆಯೊಳಗೆ ಅಚ್ಚಿಗೆ ಹೋಗಬೇಕಾಗಿದೆ. ‘ವ್ಯಾಪಾರ ಮುಳುಗಿದರೆ ಸಾಲ ಕೊಟ್ಟವರು ನನ್ನ ಮನೆಗೂ ಕೈ ಹಾಕಬಹುದೇ?’ ಎಂಬ ಪ್ರಶ್ನೆಗೆ ಉತ್ತರ ಬರೆಯುವಾಗ ‘ಲಿಮಿಟೆಡ್ ಲಯಬಿಲಿಟಿ’ಯನ್ನು ನಿಯಮಿತ ಹೊಣೆಗಾರಿಕೆ ಎನ್ನಲೇ, ಸೀಮಿತ ಹೊಣೆಗಾರಿಕೆ ಎನ್ನಲೇ? ನಾಮಫಲಕದಲ್ಲಿ ‘ಖಾಸಗಿ ನಿಯಮಿತ’ ಎಂದು ಬರೆಸಲು ಸಲಹೆ ಕೊಡಬಹುದೇ?

ಉತ್ತರ 1:

‘ನಿಯಮಿತ’ ಬೇಡ. ಧಾತುವಿನಲ್ಲಿ ತಡೆಹಿಡಿಯುವ ಅರ್ಥ ಇದೆಯಾದರೂ, ‘ನಿಯಮಿತವಾಗಿ ಔಷಧಿ ಸೇವಿಸಿ’ ಎಂದು ಓದಿ ರೂಢಿಯಾದವರಿಗೆ ‘ನಿಯಮಿತ ಹೊಣೆ’ಯು ತಿಂಗಳು ತಿಂಗಳೂ ತಪ್ಪದೆ ಬರುವ ಹೊಣೆಯೆಂದೇ ತೋರುತ್ತದೆ. ‘ಸೀಮಿತ ಹೊಣೆ’ ಎನ್ನಿ. ‘ಗಾರಿಕೆ’ಯ ಬಾಲವೂ ಅನಗತ್ಯ, ಹಳಗನ್ನಡದ ‘ಪೊಣೆ’ಯಿಂದ ಬಂದ ‘ಹೊಣೆ’ಗೆ ಜಾಮೀನಿನ ಅರ್ಥ ಹುಟ್ಟಿನಿಂದಲೇ ಇದೆ. ಆದರೆ ಸೀಮಿತವಾಗುವುದು ಕಂಪನಿಯ ಹೊಣೆಯಲ್ಲ, ಷೇರುದಾರರದು ಎಂಬುದನ್ನು ಬಿಡಿಸಿ ಬರೆಯಿರಿ: ತಾವು ಪಡೆದ ಷೇರುಗಳ ಮೇಲೆ ಇನ್ನೂ ಕಟ್ಟದೆ ಉಳಿಸಿಕೊಂಡ ಮೊತ್ತಕ್ಕಷ್ಟೇ ಅವರು ಹೊಣೆ. 1932ರ ಪಾಲುದಾರಿಕೆ ಕಾಯ್ದೆಯ ಕಲಂ 25ರಲ್ಲಿ ಈ ರಕ್ಷಣೆ ಇಲ್ಲ. ಅಲ್ಲಿ ಪ್ರತಿಯೊಬ್ಬ ಪಾಲುದಾರನೂ ಉಳಿದವರೊಡನೆ ಒಟ್ಟಾಗಿಯೂ, ತಾನೊಬ್ಬನೇ ಪ್ರತ್ಯೇಕವಾಗಿಯೂ ಫರ್ಮಿನ ಪೂರ್ತಿ ಸಾಲಕ್ಕೆ ಹೊಣೆ. ಕಂಪನಿಯಲ್ಲೂ ನಿರ್ದೇಶಕರು ಬ್ಯಾಂಕಿಗೆ ವೈಯಕ್ತಿಕ ಜಾಮೀನು ಬರೆದುಕೊಟ್ಟರೆ, ಆ ಸಾಲದ ಮಟ್ಟಿಗೆ ಮನೆಯೂ ಸುರಕ್ಷಿತವಲ್ಲ.

ಉತ್ತರ 2:

‘ಬೆಂಗಳೂರು ವಿದ್ಯುತ್ ಸರಬರಾಜು ಕಂಪನಿ ನಿಯಮಿತ’ ಎಂಬುದನ್ನು ಜನ ತಪ್ಪಾಗಿ ತಿಳಿದದ್ದುಂಟೇ? ಅದಿರಲಿ, ‘ಸೀಮಿತ’ವೂ ಸಂಸ್ಕೃತದ ಎರವಲು, ‘ಪಾಲುದಾರ’ದಲ್ಲಿನ ‘ದಾರ’ವೂ ಪಾರಸಿಯದು. ‘ಎಲ್ಲೆಯುಳ್ಳ ಹೊಣೆ’, ‘ಪಾಲಿಗ’ ಎನ್ನಲು ನಮಗೇಕೆ ಸಂಕೋಚ?

ಉತ್ತರ 3:

ಸಂಕೋಚವಲ್ಲ, ಕೈಪಿಡಿ ಓದಿದವನು ನಾಳೆ ಪಾಲುದಾರಿಕೆ ಪತ್ರಕ್ಕೆ ಸಹಿ ಹಾಕಬೇಕು. ಅಲ್ಲಿ ‘ಪಾಲಿಗ’ ಇರುವುದಿಲ್ಲ. ಮೊದಲು ತಹಶೀಲ್ದಾರರ ‘ದಾರ’ ಬಿಡಿಸಿ ಬನ್ನಿ.

ಫಲಕದ ಪ್ರಶ್ನೆಯನ್ನು ಇಬ್ಬರೂ ಮುಟ್ಟಲಿಲ್ಲ. 2013ರ ಕಂಪನಿ ಕಾಯ್ದೆಯ ಕಲಂ 12 ಕೇಳುವುದು ಸ್ಥಳೀಯ ಭಾಷೆಯ ಲಿಪಿಯನ್ನು, ಅನುವಾದವನ್ನಲ್ಲ. ತಪ್ಪಿದಲ್ಲಿ ದಿನಕ್ಕೆ 1,000 ರೂಪಾಯಿಯಂತೆ ಗರಿಷ್ಠ 1 ಲಕ್ಷದವರೆಗೆ ದಂಡವಿದೆ. ನೋಂದಾಯಿತ ಹೆಸರು ‘ಪ್ರೈವೇಟ್ ಲಿಮಿಟೆಡ್’ ಎಂದು ಮುಗಿಯುತ್ತಿದ್ದರೆ ಕನ್ನಡ ಅಕ್ಷರಗಳಲ್ಲಿ ಅದನ್ನೇ ಬರೆಸಲು ಹೇಳಿ, ‘ಸೀಮಿತ ಹೊಣೆ’ಯನ್ನು ವಿವರಣೆಯಲ್ಲಿ ಬಳಸಿ.