ಪದಚರ್ಚೆ: ಟಾರ್‌ನ 'ರಿಲೇ', 'ಬ್ರಿಡ್ಜ್', 'ಎಕ್ಸಿಟ್' – ಕನ್ನಡದಲ್ಲಿ ಏನನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ಯಾರು ಏನು ನೋಡುತ್ತಿದ್ದಾರೆ ಅಂತ ಬೇರೆಯವರಿಗೆ ತಿಳಿಯದಂತೆ ಇಂಟರ್ನೆಟ್ ಬಳಸಲು ನೆರವಾಗುವ ಟಾರ್ ಜಾಲಕ್ಕಾಗಿ ತಮ್ಮ ಕಂಪ್ಯೂಟರ್ ಮತ್ತು ಇಂಟರ್ನೆಟ್ ಬಿಟ್ಟುಕೊಡಲು ಮನಸ್ಸಿರುವ ಕನ್ನಡಿಗರಿಗಾಗಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಮೂರು ಪದಗಳ ಹತ್ತಿರ ಕೆಲಸ ನಿಂತಿದೆ. ಇಂಗ್ಲಿಷಿನದ್ದನ್ನೇ ಇಟ್ಟರೆ ಆಯ್ತಲ್ವಾ ಅಂತ ನೀವು ಕೇಳಬಹುದು. ಇಡಬಹುದು. ಆದರೆ ಈ ಮೂರು ಕೆಲಸಗಳಲ್ಲಿ ಒಂದೊಂದರ ಅಪಾಯ ಒಂದೊಂದು ಥರ. ಓದಿದ ತಕ್ಷಣ ಆ ವ್ಯತ್ಯಾಸ ತಿಳಿಯದಿದ್ದರೆ, ಹೆದರಬೇಕಿಲ್ಲದವರು ಹೆದರಿ ದೂರ ಉಳಿಯುತ್ತಾರೆ. ಎಚ್ಚರಿಕೆಯಿಂದ ಇರಬೇಕಾದವರು ಧೈರ್ಯವಾಗಿ ಮುಂದೆ ಹೋಗುತ್ತಾರೆ.

ಮೊದಲು 'ರಿಲೇ'. ಟಾರ್ ಬಳಸುವವರು ಕೇಳಿದ ಪುಟ ನೇರವಾಗಿ ಬರುವುದಿಲ್ಲ, ಸಾಮಾನ್ಯವಾಗಿ ಮೂರು ಕಂಪ್ಯೂಟರುಗಳನ್ನು ಹಾದು ಬರುತ್ತದೆ. ಈ ಒಂದೊಂದೂ ಒಂದು ರಿಲೇ. ಮೊದಲನೆಯದಕ್ಕೆ ಬಳಸುವವರ ಐಪಿ ವಿಳಾಸ ಗೊತ್ತು, ಅವರು ಎಲ್ಲಿಗೆ ಹೊರಟಿದ್ದಾರೆ ಅಂತ ಗೊತ್ತಿಲ್ಲ. ಕೊನೆಯದಕ್ಕೆ ಎಲ್ಲಿಗೆ ಅಂತ ಗೊತ್ತು, ಯಾರು ಅಂತ ಗೊತ್ತಿಲ್ಲ. ಮಧ್ಯದ್ದಕ್ಕೆ ಎರಡೂ ಗೊತ್ತಿಲ್ಲ. ಹಾಗಾಗಿ 'ಮಧ್ಯವರ್ತಿ' ಅನ್ನುವ ಪದ ನನಗೆ ಸುತರಾಂ ಒಪ್ಪಿಗೆಯಿಲ್ಲ. ಮಧ್ಯವರ್ತಿಗೆ ಎರಡೂ ಕಡೆಯವರ ಗುರುತು ಇರುತ್ತದೆ. ಇಲ್ಲಿ ಯಾರೊಬ್ಬರಿಗೂ ಎರಡೂ ಕಡೆ ಗೊತ್ತಾಗಬಾರದು ಅಂತಲೇ ಇಡೀ ಜಾಲವನ್ನು ಕಟ್ಟಿದ್ದಾರೆ. ರಿಲೇ ಉಪವಾಸಕ್ಕೆ ಪತ್ರಿಕೆಗಳು 'ಸರದಿ ಉಪವಾಸ' ಅಂತ ಬರೆಯುತ್ತವೆ. ಒಳ್ಳೆಯ ಪದ, ಆದರೆ ಸರದಿಯಲ್ಲಿ ಒಬ್ಬರು ಎದ್ದ ಮೇಲೆ ಇನ್ನೊಬ್ಬರು ಕೂರುತ್ತಾರೆ. ಇಲ್ಲಿ ಮೂರೂ ಒಟ್ಟಿಗೆ ಎಚ್ಚರ ಇರಬೇಕು. 'ಮರುಪ್ರಸಾರ' ಅಂದರೆ ದೂರದರ್ಶನದ ಗೋಪುರ ನೆನಪಾಗುತ್ತದೆ. ಅದು ಊರಿಗೆಲ್ಲ ಹಂಚುವ ಕೆಲಸ.

'ರಿಲೇ'ಯನ್ನು ಹಾಗೇ ಉಳಿಸುವುದು ವಾಸಿ ಅಂತ ನನ್ನ ಅನಿಸಿಕೆ. ರಿಲೇ ಓಟ ಗೊತ್ತಿಲ್ಲದ ಶಾಲೆ ಇಲ್ಲ. ಕ್ರಿಯಾಪದ ಮಾತ್ರ ನಮ್ಮದೇ ಇರಲಿ: ರಿಲೇ ಮಾಹಿತಿಯನ್ನು 'ದಾಟಿಸುತ್ತದೆ'.

ಜಾಸ್ತಿ ಯೋಚನೆಗೆ ಹಚ್ಚಿರುವುದು 'ಬ್ರಿಡ್ಜ್'. ಟಾರ್ ರಿಲೇಗಳ ಪಟ್ಟಿ ಬಹಿರಂಗವಾಗಿದೆ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಸರ್ಕಾರವೊಂದು ಆ ಪಟ್ಟಿ ಹಿಡಿದು ಎಲ್ಲ ವಿಳಾಸಗಳನ್ನೂ ಒಟ್ಟಿಗೆ ಬ್ಲಾಕ್ ಮಾಡಬಹುದು. 2021ರ ಡಿಸೆಂಬರಿನಲ್ಲಿ ರಷ್ಯಾದಲ್ಲಿ ಟಾರ್‌ಗೆ ತಡೆ ಬಿದ್ದಾಗ ಜನರಿಗೆ ಬೇಕಾಗಿದ್ದು ಬ್ರಿಡ್ಜ್. ಅದೂ ರಿಲೇಯೇ, ಆದರೆ ಬಹಿರಂಗ ಪಟ್ಟಿಯಲ್ಲಿ ಇರುವುದಿಲ್ಲ. ಕೇಳಿದವರಿಗೆ ಒಂದೆರಡು ವಿಳಾಸ ಮಾತ್ರ ಸಿಗುತ್ತದೆ. ವಿಳಾಸ ಮುಚ್ಚಿಟ್ಟರೆ ಸಾಲದು, ಅದರಲ್ಲಿ ಹೋಗುವುದು ಟಾರ್ ಅಂತ ಗುರುತೂ ಸಿಗಬಾರದು. ಹೀಗೆ ಮರೆಮಾಚುವ ತಂತ್ರಗಳಲ್ಲಿ ಒಂದಾದ ಒಬಿಎಫ್‌ಎಸ್4 ಅದನ್ನು ಅರ್ಥವಿಲ್ಲದ ಅಕ್ಷರರಾಶಿಯಂತೆ ಕಾಣಿಸುತ್ತದೆ. 2024ರ ಮಾರ್ಚಿನಲ್ಲಿ ಬಂದ ವೆಬ್‌ಟನಲ್, ಯಾರೋ ಮಾಮೂಲಿ ವೆಬ್‌ಸೈಟ್ ನೋಡುತ್ತಿದ್ದಾರೆ ಅನ್ನಿಸುವಂತೆ ಮಾಡುತ್ತದೆ.

ಇದಕ್ಕೆ 'ಸೇತುವೆ' ಅಂದರೆ ಸರಿ ಕೂರುವುದಿಲ್ಲ. ಸೇತುವೆ ಅಂದರೆ ಉದ್ಘಾಟನೆಯ ಕಲ್ಲು ಇರುವಂಥದ್ದು, ನಕ್ಷೆಯಲ್ಲಿ ಕಾಣುವಂಥದ್ದು. ಮಲೆನಾಡು, ಕರಾವಳಿಯಲ್ಲಿ 'ಸಂಕ' ಅಂತ ಇದೆ. ಹಳ್ಳದ ಮೇಲೆ ಅಡಿಕೆ ಮರ ಹಾಸಿ ಊರವರೇ ಕಟ್ಟಿಕೊಳ್ಳುತ್ತಾರೆ. ನಕ್ಷೆಯಲ್ಲಿ ಇರುವುದಿಲ್ಲ, ಆ ದಾರಿ ನಡೆಯುವವರಿಗೆ ಗೊತ್ತಿರುತ್ತದೆ. ಮಳೆಗೆ ಕೊಚ್ಚಿಹೋದರೆ ಮತ್ತೊಂದು ಹಾಕುತ್ತಾರೆ. ಟಾರ್‌ನ ಬ್ರಿಡ್ಜ್ ಕೂಡ ಹಾಗೇ: ಒಂದು ಬ್ಲಾಕ್ ಆದರೆ ಬೇರೆ ವಿಳಾಸದಲ್ಲಿ ಇನ್ನೊಂದು ಏಳಬೇಕು. 'ಸಂಕ' ಅಥವಾ 'ಕಾಲುಸಂಕ' ಅಂತ ಬರೆದರೆ ರಾಯಚೂರು, ಬೀದರ್, ಕೋಲಾರದವರಿಗೆ ತಿಳಿಯುತ್ತಾ? ಅಲ್ಲಿ ಇಂಥದ್ದಕ್ಕೆ ಬೇರೆ ಮಾತು ಇದ್ದರೆ ಹೇಳಿ.

ಒಂದು ಪದವನ್ನಂತೂ ಯಾರೂ ಸೂಚಿಸಬಾರದು ಅಂತ ಕೈಮುಗಿದು ಕೇಳುತ್ತೇನೆ: 'ಕಳ್ಳದಾರಿ'. 2022ರ ಸೆಪ್ಟೆಂಬರಿನಲ್ಲಿ ಮಹ್ಸಾ ಅಮಿನಿ ಎಂಬ ಯುವತಿ ಪೊಲೀಸರ ವಶದಲ್ಲಿದ್ದಾಗ ಸತ್ತ ನಂತರ ಇರಾನಿನಲ್ಲಿ ಪ್ರತಿಭಟನೆ ಎದ್ದಿತು. ಇನ್‌ಸ್ಟಾಗ್ರಾಂ, ವಾಟ್ಸಾಪ್ ಎರಡಕ್ಕೂ ತಡೆ ಬಿತ್ತು. ಮನೆಯವರಿಗೆ ಸುದ್ದಿ ಮುಟ್ಟಿಸಲು ದಾರಿ ಹುಡುಕಿದ ಹೆಣ್ಣುಮಗಳು ಕಳ್ಳಿಯಲ್ಲ.

ಆಗ ಬಳಕೆ ಒಮ್ಮೆಗೇ ಏರಿದ್ದು ಸ್ನೋಫ್ಲೇಕ್‌ನದ್ದು. ತಡೆ ಇರುವ ಕಡೆಯವರನ್ನು ಸಾಮಾನ್ಯ ಜನರ ಬ್ರೌಸರ್ ಮೂಲಕ ಟಾರ್‌ಗೆ ಮುಟ್ಟಿಸುವ ಏರ್ಪಾಡು ಇದು. ಅದಕ್ಕೆ ಸರ್ವರ್ ಬಾಡಿಗೆಗೆ ಪಡೆಯಬೇಕಿಲ್ಲ, ಬ್ರೌಸರಿಗೆ ಒಂದು ಎಕ್ಸ್‌ಟೆನ್ಷನ್ ಹಾಕಿಕೊಂಡರೆ ಸಾಕು. ವಿಡಿಯೊ ಕರೆಗೆ ಬಳಸುವ ವೆಬ್‌ಆರ್‌ಟಿಸಿ ತಂತ್ರದಲ್ಲೇ ನಡೆಯುವುದರಿಂದ ಅದನ್ನು ಮಾತ್ರ ಬೇರ್ಪಡಿಸಿ ತಡೆಯುವುದು ಕಷ್ಟ. ಅದರ ಐಕಾನ್ ಒತ್ತಿದರೆ, ಕಳೆದ 24 ಗಂಟೆಗಳಲ್ಲಿ ಎಷ್ಟು ಜನಕ್ಕೆ ನಿಮ್ಮಿಂದ ಸಹಾಯವಾಯಿತು ಅಂತ ಇಂಗ್ಲಿಷಿನಲ್ಲಿ ಒಂದು ಉದ್ದನೆಯ ಸಾಲು ಬರುತ್ತದೆ. ಅದಕ್ಕೆ ನಾನು ಬರೆದಿರುವುದು: 'ಕಳೆದ 24 ಗಂಟೆಗಳಲ್ಲಿ ನಿಮ್ಮ ಮೂಲಕ ತಡೆ ದಾಟಿದವರು'. 'ಸೆನ್ಸಾರ್' ಅಂತ ಬರೆದರೆ ನಮ್ಮವರಿಗೆ ಸಿನಿಮಾ ಮಂಡಳಿ ನೆನಪಾಗುತ್ತದೆ, ಅದಕ್ಕೇ 'ತಡೆ'. ಈ ಸಾಲು ಓದಿದಾಗ ಸಹಜ ಅನ್ನಿಸುತ್ತಾ, ನೋಡಿ.

ಇನ್ನು 'ಎಕ್ಸಿಟ್'. ವೆಬ್‌ಸೈಟಿಗೆ ಕಾಣುವುದು ಈ ಕೊನೆಯ ರಿಲೇಯ ವಿಳಾಸ. ಯಾರಾದರೂ ದುರುಪಯೋಗ ಮಾಡಿದರೆ ದೂರು ಬರುವುದು ಇದನ್ನು ನಡೆಸುವವರ ಬಾಗಿಲಿಗೆ. ಮನೆಯ ಇಂಟರ್ನೆಟ್‌ನಿಂದ ಇದನ್ನು ನಡೆಸಬೇಡಿ ಅಂತ ಟಾರ್‌ನವರೇ ಹೇಳುತ್ತಾರೆ. ಬ್ರಿಡ್ಜ್ ಅಥವಾ ಸ್ನೋಫ್ಲೇಕ್ ನಡೆಸುವವರ ವಿಳಾಸ ವೆಬ್‌ಸೈಟಿಗೆ ಕಾಣುವುದಿಲ್ಲ. 'ನಿರ್ಗಮನ' ಅಂದರೆ ಬಸ್ ನಿಲ್ದಾಣದ ಬೋರ್ಡು, ಅದರಲ್ಲಿ ಈ ಎಚ್ಚರಿಕೆಯೇ ಇಲ್ಲ. 'ಹೊರಬಾಗಿಲು' ಅಂದರೆ ಹೊರಗಿನವರು ಬಂದು ತಟ್ಟುವ ಜಾಗ ಅನ್ನುವ ಅರ್ಥವೂ ಬರುತ್ತದೆ. 'ಹೊರಬಾಗಿಲ ರಿಲೇ' ಹೇಗಿದೆ? ಸೆಟ್ಟಿಂಗ್ ಫೈಲಿನಲ್ಲಿ ಇಂಗ್ಲಿಷ್ ಪದವನ್ನೇ ಬರೆಯಬೇಕು, ಆದ್ದರಿಂದ ಮೊದಲ ಸಲ ಎರಡನ್ನೂ ಒಟ್ಟಿಗೆ ಕೊಡುತ್ತೇನೆ.

ಇವನ್ನು ನಡೆಸುವವರನ್ನು 'ಅನಾಮಿಕ ಸ್ವಯಂಸೇವಕರು' ಅನ್ನುವುದೂ ಸರಿಯಲ್ಲ. ಅನಾಮಿಕರಾಗಿ ಉಳಿಯಬೇಕಾದವರು ಬಳಸುವವರು. ನಡೆಸುವವರು ಭಾರತದಲ್ಲಿ ಸರ್ವರ್ ಬಾಡಿಗೆಗೆ ಪಡೆದರೆ, ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ ಆದೇಶದಂತೆ ಅವರ ಹೆಸರು, ವಿಳಾಸವನ್ನು ಬಾಡಿಗೆ ಕೊಟ್ಟವರು 5 ವರ್ಷ ಇಟ್ಟುಕೊಳ್ಳಬೇಕು. ಸುಮ್ನೆ 'ರಿಲೇ ನಡೆಸುವವರು' ಅಂದರೆ ಸಾಕು ಅನ್ನಿಸುತ್ತದೆ.

'ಸಂಕ'ದ ಬಗ್ಗೆ ಬಯಲುಸೀಮೆಯವರು ಮೊದಲು ಬರೆಯಿರಿ. ಕರಡು ಓದಲು ಬಿಡುವಿರುವವರು ತಿಳಿಸಿದರೆ ಕಳಿಸಿಕೊಡುತ್ತೇನೆ.